ಅಪ್ಪನ ಎರಡು ಅಡ್ಡಹೆಸರುಗಳು

ದೀಪಾವಳಿಗೆ ಎಂಟು ದಿನ ಇರುವಾಗ ಊರಿನಿಂದ ಕಾಕಾ ಫೋನ್ ಮಾಡಿದರು. ಅಜ್ಜನ ಹೆಸರಿನಲ್ಲಿಯೇ ಉಳಿದುಹೋಗಿದ್ದ ಮನೆ ಮತ್ತು ಎರಡು ಎಕರೆ ಹೊಲಕ್ಕೆ ವಾರಸಾ ಹಚ್ಚಲು, ಎಂದರೆ ವಾರಸುದಾರರ ಹೆಸರು ಏರಿಸಲು, ಅರ್ಜಿ ಕೊಟ್ಟಿದ್ದರು. ಕಾಕಾನ ಕಾಗದಗಳು ಪಾಸಾಗಿದ್ದವು, ಇಬ್ಬರು ಅತ್ತೆಯರ ಕಾಗದಗಳೂ ಪಾಸಾಗಿದ್ದವು. ಅಪ್ಪನದು ಮಾತ್ರ ವಾಪಸು ಬಂದಿತ್ತು. ಮೃತರ ಅಡ್ಡಹೆಸರು ಬಡಿಗೇರ, ಅರ್ಜಿದಾರರ ಆಧಾರ್ ಕಾರ್ಡಿನಲ್ಲಿರುವುದು ಸುತಾರ, ಇವರು ಮೃತರ ಮಗ ಎನ್ನುವುದಕ್ಕೆ ದಾಖಲೆ ಬೇಕು ಎಂದು ಅರ್ಜಿಯ ಮೇಲೆ ಬರೆದು ಕಳಿಸಿದ್ದರು.

ಅಪ್ಪನಿಗೆ 76 ವರ್ಷ. ಕಿವಿ ಸ್ವಲ್ಪ ಮಂದ. ಕಾಕಾ ಏನು ಹೇಳಿದರು ಎಂದು ಕೇಳಿದರು. ನಾನು ಜೋರಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಒಂದೇ ಅಲ್ಲವೇನು ಯವ್ವಾ?" ಎಂದರು.

ಒಂದೇ. ಮರಾಠಿಯಲ್ಲಿ ಸುತಾರ ಎಂದರೆ ಬಡಗಿ. ನಮ್ಮ ಕಡೆ ಬಡಿಗೇರ ಎಂದರೂ ಬಡಗಿಯ ಮನೆಯವರು. ಆದರೆ ಅಪ್ಪನ ಮಾತನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ ಎನ್ನುವುದು ನನಗೆ ಅಂದೇ ಗೊತ್ತಾಯಿತು. ಅಲ್ಲಿಂದ ಯುಗಾದಿ ದಾಟುವವರೆಗೂ ನಾನು ಮತ್ತು ಅಪ್ಪ ಈ ಎರಡು ಪದಗಳನ್ನು ಹಿಡಿದುಕೊಂಡು ಡೊಂಬಿವಲಿಯಿಂದ ಮುಂಬಯಿಗೆ, ಮುಂಬಯಿಯಿಂದ ಊರಿಗೆ ಅಲೆದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆ ಗಡಿ ದಾಟಿ ಬಂದು, ಕಸುಬಿನ ಹೆಸರು ಇನ್ನೊಂದು ಭಾಷೆಗೆ ಹೊರಳಿದ ಮನೆಗಳು ಮುಂಬಯಿ, ಪುಣೆಗಳಲ್ಲಿ ಬೇಕಾದಷ್ಟಿವೆ.

ನಮ್ಮ ಮನೆಯ ಸ್ಥಿತಿ ಹೀಗಿತ್ತು. ಅಪ್ಪ ಸುತಾರ. ತಮ್ಮ ಸುತಾರ. ನಾನು ಬಡಿಗೇರ. ನನ್ನನ್ನು ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದಾಗ ವಿಜಯಪುರದ ಕಡೆಯ ಗುರುಗಳು ಅಪ್ಪನನ್ನು ಕನ್ನಡದಲ್ಲಿ ವಿಚಾರಿಸಿ, ಕನ್ನಡದಲ್ಲಿ ಸಿಕ್ಕ ಉತ್ತರವನ್ನು ಬರೆದುಕೊಂಡರು. ನಾಲ್ಕು ವರ್ಷಗಳ ನಂತರ ತಮ್ಮನನ್ನು ಮರಾಠಿ ಶಾಲೆಗೆ ಸೇರಿಸಿದಾಗ ರೇಷನ್ ಕಾರ್ಡ್ ನೋಡಿ ಬರೆದುಕೊಂಡರು. ಒಂದೇ ಚಾಳಿನ ಒಂದೇ ಖೋಲಿಯಿಂದ ಎರಡು ಅಡ್ಡಹೆಸರಿನ ಮಕ್ಕಳು ಶಾಲೆಗೆ ಹೋಗುತ್ತಿದ್ದೆವು. ಚಿಕ್ಕವಳಿದ್ದಾಗ ಅದು ನನಗೆ ವಿಚಿತ್ರ ಎನಿಸಿರಲಿಲ್ಲ. ಶಾಲೆಗೊಂದು ಸಮವಸ್ತ್ರ ಇರುವಂತೆ ಶಾಲೆಗೊಂದು ಹೆಸರೂ ಇರುತ್ತದೆ ಎಂದುಕೊಂಡಿದ್ದೆ.

ಸುತಾರ ಎನ್ನುವ ಹೆಸರು ನಮ್ಮ ಮನೆಗೆ ಬಂದ ದಿನ ಅಪ್ಪನಿಗೆ ಚೆನ್ನಾಗಿ ನೆನಪಿದೆ. 1972ರ ಬರಗಾಲದಲ್ಲಿ ರೋಣ ತಾಲೂಕಿನ ನಮ್ಮ ಊರಿನಲ್ಲಿ ಬಿತ್ತನೆಯೇ ಆಗಲಿಲ್ಲ. ಬಿತ್ತನೆ ಇಲ್ಲದ ಮೇಲೆ ಕೂರಿಗೆ, ಕುಂಟೆ, ರಂಟೆ ಮಾಡಿಸುವವರು ಯಾರು? ರೈತ ಸುಗ್ಗಿಯಲ್ಲಿ ಕಣಕ್ಕೆ ಕರೆದು ವರ್ಷದ ಕೆಲಸದ ಕೂಲಿಯಾಗಿ ಆಯದ ಕಾಳು ಅಳೆದರೆ ಬಡಿಗೇರ ಮನೆಯ ಒಲೆ ಉರಿಯಬೇಕು. ಕಣವೇ ಬರಿದಾಗಿತ್ತು. ಅಪ್ಪ ಬಾಚಿ, ಉಳಿ, ಕೊಡತಿಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಊರಿನವರೊಬ್ಬರ ಹಿಂದೆ ಮುಂಬಯಿಗೆ ಬಂದರು. ಎರಡು ವರ್ಷ ಕಟ್ಟಡಗಳ ಮೇಲೆ ಕೂಲಿ ಮಾಡಿ, 1974ರಲ್ಲಿ ಲಾಲ್‌ಬಾಗ್ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಬದಲಿ ಕಾರ್ಮಿಕರಾಗಿ ನಿಂತರು.

ಹೆಸರು ಬರೆಯುವ ಕಾರಕೂನರ ಮೇಜಿನ ಮುಂದೆ ಅಪ್ಪ. ಪಕ್ಕದಲ್ಲಿ ಕರೆದುಕೊಂಡು ಹೋದ ಜಾಬರ್, ಗಿರಣಿಗೆ ಆಳು ಸೇರಿಸುವವನು. ಕಾರಕೂನರು "ಆಡನಾವ ಕಾಯ?" ಎಂದರು. ಮರಾಠಿಯ ಆಡನಾವ, ನಮ್ಮ ಅಡ್ಡಹೆಸರು ಕಿವಿಗೆ ಎಷ್ಟು ಹತ್ತಿರದ ಪದಗಳು! ಆದರೂ ಆ ದಿನ ಅಪ್ಪನಿಗೆ ಅದು ಹೊಳೆಯಲಿಲ್ಲ. ಕೆಲಸ ಏನು ಎಂದು ಕೇಳುತ್ತಿದ್ದಾರೆ ಎಂದುಕೊಂಡು "ಬಡಿಗಿ" ಎಂದರು. ಕಾರಕೂನರಿಗೆ ಅರ್ಥವಾಗಲಿಲ್ಲ. ಅಪ್ಪ ಕೈಯಲ್ಲಿ ಗರಗಸ ಎಳೆದಂತೆ ಮಾಡಿ ತೋರಿಸಿದರು. ಜಾಬರ್ ನಕ್ಕು "ಸುತಾರ್, ಸುತಾರ್" ಎಂದ. ಕಾರಕೂನರು ತಲೆಯಾಡಿಸಿ ಬರೆದುಕೊಂಡರು. ಅಷ್ಟೇ. ಬದಲಿ ಕಾರ್ಡಿನಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ಬ್ಯಾಂಕಿನ ಪಾಸ್‌ಬುಕ್ಕಿಗೆ, ಮತದಾರರ ಪಟ್ಟಿಗೆ, ಕೊನೆಗೆ ಆಧಾರ್‌ಗೆ ಆ ಪದ ನಡೆದು ಬಂದಿತು.

ಈ ಕಥೆಯನ್ನು ಅಪ್ಪ ಹಿಂದೆಯೂ ಎಷ್ಟೋ ಸಲ ಹೇಳಿದ್ದರು. ನನಗೆ ಪ್ರತಿ ಸಲವೂ ಸಿಟ್ಟು ಬರುತ್ತಿತ್ತು. ಯಾರೋ ಒಬ್ಬರು ಅರ್ಧ ನಿಮಿಷದಲ್ಲಿ ನಮ್ಮ ಮನೆತನದ ಹೆಸರನ್ನು ಅಳಿಸಿಬಿಟ್ಟರಲ್ಲ ಎನ್ನುವ ಸಿಟ್ಟು. ಈ ಸಲ ಮಾತ್ರ ಕಾಗದಗಳನ್ನು ಹರಡಿಕೊಂಡು ಕುಳಿತಾಗ ಬೇರೆ ವಿಚಾರ ಬಂದಿತು. ಕಸುಬಿನ ಅಡ್ಡಹೆಸರುಗಳು ಜಗತ್ತಿನ ಎಲ್ಲೆಡೆಯೂ ಬಹುಶಃ ಹೀಗೆಯೇ ಹುಟ್ಟಿವೆ. ಕೈಯಲ್ಲಿ ದಫ್ತರ ಹಿಡಿದವನೊಬ್ಬ ಕೇಳುತ್ತಾನೆ, ನೀನು ಯಾರು? ಎದುರಿಗೆ ನಿಂತವನು ತಾನು ಮಾಡುವ ಕೆಲಸವನ್ನು ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ತೆರಿಗೆಯ, ನ್ಯಾಯಾಲಯದ ಸುರುಳಿಗಳಲ್ಲಿ ಸ್ಮಿತ್, ಕಾರ್ಪೆಂಟರ್, ಟೇಲರ್ ಎಂದು ಬರೆಸಿಕೊಂಡವರ ಮಕ್ಕಳು ಬೇರೆ ಕೆಲಸ ಹಿಡಿದ ಮೇಲೂ ಅದೇ ಹೆಸರು ಮುಂದುವರಿಯಿತು. 14ನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಬಹಳ ಮನೆಗಳಲ್ಲಿ ಹೆಸರು ವಂಶದ್ದಾಗಿತ್ತು. ಕಮ್ಮಾರ ಎನ್ನುವ ಅರ್ಥದ ಸ್ಮಿತ್ ಇಂದಿಗೂ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಅತಿ ಹೆಚ್ಚು ಜನರ ಅಡ್ಡಹೆಸರು. ಜರ್ಮನಿಯಲ್ಲಿ ಆ ಸ್ಥಾನ ಹಿಟ್ಟಿನ ಗಿರಣಿಯವನು ಎನ್ನುವ ಅರ್ಥದ ಮ್ಯೂಲರ್‌ಗೆ. ನಮ್ಮ ಬಡಗಿ ಅಲ್ಲಿ ತ್ಸಿಮ್ಮರ್‌ಮನ್, ಅರಬರಲ್ಲಿ ನಜ್ಜಾರ್. ಆ ಹೆಸರುಗಳ ಮೊದಲ ದಿನವನ್ನು ಕಂಡವರು ಈಗ ಯಾರೂ ಇಲ್ಲ. ನಮ್ಮ ಮನೆಯ ಸುತಾರ ಹುಟ್ಟಿದ ಗಳಿಗೆಯನ್ನು ಕಂಡವರು ನನ್ನ ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದರು.

ನಾನೂ ದಫ್ತರ ಬರೆಯುವವಳೇ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಪ್ರತಿ ಜೂನ್ ತಿಂಗಳಲ್ಲಿ ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರ ಮಕ್ಕಳ ಹೆಸರು ಬರೆದುಕೊಳ್ಳುತ್ತೇನೆ. ಹಾಜರಿ ಪುಸ್ತಕ ತೆರೆದರೆ ಒಂದು ಹಳೆಯ ಊರೇ ಸಾಲಾಗಿ ನಿಂತಂತೆ ಇರುತ್ತದೆ. ಕುಂಬಾರ, ಕಮ್ಮಾರ, ಪತ್ತಾರ, ಗಾಣಿಗೇರ, ಹೂಗಾರ, ಹಡಪದ, ತಳವಾರ, ಬಳಿಗಾರ. ಹತ್ತಿ ಎಕ್ಕುವವರ ನದಾಫ್, ಸುಗಂಧ ಮಾರುವವರ ಅತ್ತಾರ, ತೋಟದ ಹಣ್ಣು ಮಾರುವವರ ಬಾಗವಾನ. ಹೂಗಾರನ ಅಪ್ಪ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ, ಕುಂಬಾರ ಹುಡುಗಿಯ ತಾಯಿ ಮನೆಗೆಲಸಕ್ಕೆ ಹೋಗುತ್ತಾಳೆ. ಕಸುಬು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಮಕ್ಕಳ ಬೆನ್ನಿಗಿದೆ. ಬಡಿಗೇರ ಎನ್ನುವವರೂ ವರ್ಷಕ್ಕೆ ಒಬ್ಬಿಬ್ಬರಾದರೂ ಬರುತ್ತಾರೆ. ಗದಗ, ಧಾರವಾಡ, ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಎಲ್ಲಿ ಹೋದರೂ ನಮ್ಮವರಿದ್ದಾರೆ. ಉಳುಮೆ ಇದ್ದ ಊರಿಗೆಲ್ಲ ಬಡಗಿ ಬೇಕಾಗಿದ್ದ, ಅದಕ್ಕೆ ಹೆಸರೂ ಊರೂರಿಗೆ ಹಬ್ಬಿದೆ. ಅದೇ ಕುಲಕಸುಬಿನವರು ಹಳೆಯ ಮೈಸೂರಿನಲ್ಲಿ ಆಚಾರ್, ಕರಾವಳಿಯಲ್ಲಿ ಆಚಾರ್ಯ, ಗೋವೆಯಲ್ಲಿ ಚಾರಿ. ಗುಜರಾತ್, ರಾಜಸ್ಥಾನಗಳಲ್ಲಿ ಸುಥಾರ್.

ಈ ಕೆಲಸದಲ್ಲಿರುವುದರಿಂದಲೇ ನನಗೆ ಇದು ಬರಿಯ ಆಸ್ತಿಯ ವಿಷಯವಾಗಿರಲಿಲ್ಲ. ತಪ್ಪಾಗಿ ಬರೆದ ಒಂದು ಪದವನ್ನು ಒಂದು ಮನೆ ಐವತ್ತು ವರ್ಷ ಹೊರಬೇಕಾಗುತ್ತದೆ.

ಮೊದಲು ನೋಟರಿ ವಕೀಲರ ಬಳಿಗೆ ಹೋದೆವು. ಅವರು ಎರಡು ದಾರಿ ಹೇಳಿದರು. ಸುತಾರ ಮತ್ತು ಬಡಿಗೇರ ಇಬ್ಬರೂ ಒಬ್ಬರೇ ವ್ಯಕ್ತಿ ಎಂದು ಪ್ರಮಾಣಪತ್ರ ಮಾಡಿಸಿ, ನಡುವೆ ಉರ್ಫ್ ಹಾಕಿಕೊಂಡು ಊರಿನ ಕಚೇರಿಗೆ ಕೊಡುವುದು ಒಂದು ದಾರಿ. ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಇನ್ನೊಂದು, ಮಹಾರಾಷ್ಟ್ರದ ರಾಜ್ಯಪತ್ರದಲ್ಲಿ ಹೆಸರು ಬದಲಾವಣೆಯನ್ನು ಪ್ರಕಟಿಸಿ, ಅದರ ಆಧಾರದ ಮೇಲೆ ಎಲ್ಲ ಕಾಗದಗಳನ್ನೂ ತಿದ್ದಿಸುವುದು. ಉರ್ಫ್ ಎನ್ನುವ ಪದ ನನಗೆ ಹಿಡಿಸಲಿಲ್ಲ. ಅಪ್ಪನಿಗೂ ಹಿಡಿಸಲಿಲ್ಲ. "ನಾನೇನು ತಲೆ ಮರೆಸಿಕೊಂಡು ತಿರುಗುವವನೇ?" ಎಂದರು. ರಾಜ್ಯಪತ್ರದ ದಾರಿಯನ್ನೇ ಹಿಡಿದೆವು.

ಅದಕ್ಕೆ ಅಪ್ಪ ಮೊದಲು ಬಡಿಗೇರ ಆಗಿದ್ದರು ಎನ್ನುವ ಒಂದು ಗಟ್ಟಿ ಕಾಗದ ಬೇಕಿತ್ತು. ಊರಿನ ಪ್ರಾಥಮಿಕ ಶಾಲೆಯಲ್ಲಿ ದಾಖಲಾತಿ ಪುಸ್ತಕಗಳು ಉಳಿದಿರಬಹುದೇ ಎಂದು ಕಾಕಾನಿಗೆ ಕೇಳಿದೆ. ಮುಖ್ಯ ಗುರುಗಳು ಎರಡು ದಿನ ಹಳೆಯ ಕಪಾಟು ಹುಡುಕಿದರಂತೆ. ಮೂರನೆಯ ದಿನ ನನ್ನ ಮೊಬೈಲಿಗೆ ಒಂದು ಚಿತ್ರ ಬಂದಿತು. 1955ನೆಯ ಇಸವಿಯ ಪುಟ. ಅಂಚು ಗೆದ್ದಲು ತಿಂದಿತ್ತು, ಶಾಯಿ ಕಂದಾಗಿತ್ತು, ಅಕ್ಷರಗಳು ಮಾತ್ರ ಮುತ್ತಿನಂತಿದ್ದವು. ತಂದೆಯ ಉದ್ಯೋಗ ಎನ್ನುವ ಕಡೆ ಬಡಿಗತನ ಎಂದಿತ್ತು. ಹೆಸರಿನ ಕಡೆ ಮೊದಲಿಗೆ ಬಡಿಗೇರ, ಆಮೇಲೆ ಅಪ್ಪನ ಹೆಸರು, ಆಮೇಲೆ ಅಜ್ಜನ ಹೆಸರು.

ಆ ಪುಟವನ್ನು ನಾನು ಬಹಳ ಹೊತ್ತು ನೋಡಿದೆ. ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಅಪ್ಪ ಶಾಲೆಗೆ ಸೇರಿದಾಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ನಮ್ಮ ತಾಲೂಕು ಹೊಸ ಗದಗ ಜಿಲ್ಲೆಗೆ ಬಂದಿತು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಮಾಡಿ ಬರೆಯುವುದು ಮುಂಬಯಿ ಪ್ರಾಂತದ ರೂಢಿ. ಅದಕ್ಕೇ ನಮ್ಮ ಕಡೆ ಎಲ್ಲರಿಗೂ ಅಡ್ಡಹೆಸರು ಇದೆ, ಹಳೆಯ ಮೈಸೂರಿನವರು ಇನಿಷಿಯಲ್ ಹಾಕಿಕೊಂಡು ನೆಮ್ಮದಿಯಾಗಿದ್ದಾರೆ.

ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಬಡಿಗೇರ ಮೊದಲು ಬಂದಿತ್ತು. ಊರಿನಲ್ಲಿ ಈಗಲೂ ಹಾಗೆಯೇ ಕರೆಯುತ್ತಾರೆ, ಮನೆತನ ಮೊದಲು, ಹೆಸರು ಆಮೇಲೆ. ಯಾಕೆಂದರೆ ಬಡಿಗೇರ ಎನ್ನುವುದು ತನ್ನಷ್ಟಕ್ಕೆ ಪೂರ್ತಿಯಾದ ಪದವಲ್ಲ. ಬಡಿಗರ, ಬಡಿಗಿಯವರ ಎಂದು ಅದರ ಅರ್ಥ. ಬಡಿಗೇರ ಮನೆ, ಬಡಿಗೇರ ಓಣಿ, ಬಡಿಗೇರ ಹುಡುಗ. ಮುಂದೆ ಏನೋ ಒಂದು ಬರಬೇಕು ಎಂದು ಕಾಯುವ ಪದ ಅದು. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೆನಪಿಸಿಕೊಳ್ಳಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ. ಬಾಚಿ ಹಿಡಿದ ನಮ್ಮವನೂ ಒಬ್ಬ ಅಲ್ಲಿದ್ದಾನೆ, ಬಾಚಿಕಾಯಕದ ಬಸವಣ್ಣ. ಅಂಬಿಗರ ಎನ್ನುವುದಕ್ಕೂ ಬಡಿಗೇರ ಎನ್ನುವುದಕ್ಕೂ ವ್ಯಾಕರಣ ಒಂದೇ. ದಫ್ತರ ಬರೆಯುವವರು ಅದನ್ನು ಹೆಸರಿನ ಬಾಲಕ್ಕೆ ಕಟ್ಟಿದ ಮೇಲೆ ಅದು ಮುಂದಿನ ಮಾತಿಲ್ಲದೆ ಅಲ್ಲಿಯೇ ನಿಂತುಬಿಟ್ಟಿದೆ. ಚೌಡಯ್ಯ ಅಂಬಿಗರ ಎಂದು ಹೇಳಿ ನೋಡಿದರೆ ನಾನು ಏನು ಹೇಳುತ್ತಿದ್ದೇನೆ ಎನ್ನುವುದು ತಿಳಿಯುತ್ತದೆ.

ಶಾಲೆಯ ದಾಖಲೆಯ ದೃಢೀಕೃತ ನಕಲು ಅಂಚೆಯಲ್ಲಿ ಬಂದಿತು. ಅದು ಕನ್ನಡದಲ್ಲಿತ್ತು, ಆದ್ದರಿಂದ ಮರಾಠಿ ಅನುವಾದವೂ ಬೇಕಾಯಿತು. ಎರಡೂ ಭಾಷೆ ಬಲ್ಲ ಅನುವಾದಕರೊಬ್ಬರು ಸಿಕ್ಕರು. ಎಂಟು ದಿನ ಬಿಟ್ಟು ಮುದ್ರೆ ಹಾಕಿದ ಅನುವಾದ ಕೈಗೆ ಕೊಟ್ಟರು. ರೈಲಿನಲ್ಲಿ ಕುಳಿತು ಓದಿದೆ. ಎದೆ ಧಸಕ್ಕೆಂದಿತು. ಬಡಿಗೇರ ಎಂದಿದ್ದ ಜಾಗದಲ್ಲೆಲ್ಲ ಅವರು ಸುತಾರ ಎಂದು ಬರೆದಿದ್ದರು.

ಅವರು ಬಹಳ ನಿಷ್ಠೆಯಿಂದ ಕೆಲಸ ಮಾಡಿದ್ದರು, ಅದರಲ್ಲಿ ಸಂಶಯವಿಲ್ಲ. ಪದದ ಅರ್ಥ ಗೊತ್ತಿದ್ದವರು ಅರ್ಥವನ್ನೇ ಬರೆದಿದ್ದರು. ಆದರೆ ಆ ಕಾಗದ ಕೊಟ್ಟಿದ್ದರೆ ಅಪ್ಪ ಹುಟ್ಟಿದಾಗಿನಿಂದಲೂ ಸುತಾರ ಎಂದು ನಾವೇ ಸಾಬೀತು ಮಾಡಿದಂತಾಗುತ್ತಿತ್ತು. ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ವಾಪಸು ಹೋದೆ. ಉದ್ಯೋಗದ ಕಡೆ ಸುತಾರ ಎಂದು ಇರಲಿ, ಹೆಸರಿನ ಕಡೆ ಇರುವುದು ಹೆಸರು, ಅದನ್ನು ಅನುವಾದ ಮಾಡಬಾರದು ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಮೇಡಂ, ನಿಮ್ಮ ಹೆಸರು ಅಷ್ಟು ಚೆನ್ನಾಗಿ ಅರ್ಥವಾಗುತ್ತದೆ, ಅದರಿಂದಲೇ ಮೋಸ ಹೋದೆ" ಎಂದರು. ಹೊಸದಾಗಿ ಬರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹೆಸರಿಗೆ ಅರ್ಥ ಇರುವುದೇ ಅದಕ್ಕೆ ತೊಡಕಾಗುತ್ತದೆ ಎನ್ನುವುದನ್ನು ಅಂದು ಕಂಡೆ. ಇದೇ ಮುಂಬಯಿಯ ಕ್ರಿಕೆಟಿಗ ಫಾರೂಕ್ ಇಂಜಿನಿಯರ್ ಅವರ ಹೆಸರನ್ನು ಯಾವ ಪತ್ರಿಕೆಯೂ ಫಾರೂಕ್ ಅಭಿಯಂತರ ಎಂದು ಬರೆಯಲಿಲ್ಲ, ನಾರಿ ಕಾಂಟ್ರಾಕ್ಟರ್ ಅವರನ್ನು ನಾರಿ ಗುತ್ತಿಗೆದಾರ ಎನ್ನಲಿಲ್ಲ. ನಾನು ಹುಟ್ಟಿದ್ದು ಪರೇಲಿನ ವಾಡಿಯಾ ಆಸ್ಪತ್ರೆಯಲ್ಲಿ. ವಾಡಿಯಾ ಎಂದರೂ ಹಡಗು ಕಟ್ಟುವವರು ಎಂದೇ ಅರ್ಥ, ಮರದ ಕೆಲಸದವರೇ. ಆ ಮನೆತನದ ಲವಜಿ ನಸರವಾನಜಿ ಎನ್ನುವ ಕುಶಲಿ 1736ರಲ್ಲಿ ಸೂರತ್‌ನಿಂದ ಮುಂಬಯಿಗೆ ಬಂದರು. ಅವರ ವಂಶದವರು ಇಲ್ಲಿ ತೇಗದ ಮರದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎನ್ನುವ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಗುಜರಾತಿಯ ಆ ಹೆಸರು ಇಂಗ್ಲಿಷಿಗೂ ಮರಾಠಿಗೂ ಹಾಗೆಯೇ ಹೋಯಿತು. ದೊಡ್ಡ ಮನೆಯ ಹೆಸರನ್ನು ಯಾರೂ ಅನುವಾದ ಮಾಡುವುದಿಲ್ಲ.

ನಿಜವಾದ ಕಷ್ಟ ಬಂದದ್ದು ಮನೆಯೊಳಗೆ. ತಮ್ಮ ಪುಣೆಯಿಂದ ಬಂದಿದ್ದ. ಎಲ್ಲ ಕೇಳಿಸಿಕೊಂಡು, "ಅಕ್ಕಾ, ಅಪ್ಪ ಬಡಿಗೇರ ಆದರೆ ನಾನು ಯಾರ ಮಗ?" ಎಂದ. ಅವನ ಪದವಿಪತ್ರ, ಪಾಸ್‌ಪೋರ್ಟ್, ಮದುವೆಯ ನೋಂದಣಿ, ಅವನ ಮಗನ ಜನನ ಪ್ರಮಾಣಪತ್ರ ಎಲ್ಲವೂ ಸುತಾರ. ನಾನು ಮನೆತನದ ಮಾತು ಎತ್ತಿದೆ. ಅವನು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದ. "ಸುತಾರ ಎನ್ನುವುದು ಅಪ್ಪ ಗಿರಣಿಯಲ್ಲಿ ಬೆವರು ಸುರಿಸಿ ಗಳಿಸಿದ ಹೆಸರು. ಮುಷ್ಕರದಲ್ಲಿ ಕೆಲಸ ಹೋದ ಮೇಲೆ ಲಾಲ್‌ಬಾಗ್‌ನಲ್ಲಿ ಬಾಗಿಲು ಕೆಟ್ಟರೆ, ಕಪಾಟು ಕೆಟ್ಟರೆ ಜನ ಸುತಾರಕಾಕಾ ಎಂದು ಕರೆದು ಕೆಲಸ ಕೊಟ್ಟರು. ಆ ಹೆಸರಿನಿಂದಲೇ ನಾವು ಉಂಡೆವು."

ನನಗೆ ಉತ್ತರ ಹೊಳೆಯಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಮುಷ್ಕರ ಆರಂಭವಾದಾಗ ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದರು. ಅಪ್ಪನ ಗಿರಣಿ ಅವರ ಪಾಲಿಗೆ ಮತ್ತೆ ತೆರೆಯಲೇ ಇಲ್ಲ. ಅವ್ವ ಆ ದಿನಗಳಲ್ಲಿ ಚಾಳಿನ ಹೆಂಗಸರ ಜೊತೆ ಹಪ್ಪಳ ಲಟ್ಟಿಸುತ್ತಿದ್ದಳು. ಸುತಾರಕಾಕಾ ಎಂದು ಕರೆಯುತ್ತಾ ಬಾಗಿಲಿಗೆ ಬರುತ್ತಿದ್ದವರನ್ನು ನಾನೂ ಕಂಡಿದ್ದೇನೆ. ಅಷ್ಟು ವರ್ಷ ಅದನ್ನು ಪರಕೀಯ ಪದ ಎಂದು ದೂರ ಇಟ್ಟಿದ್ದು ನನ್ನ ತಪ್ಪು ಎನಿಸಿತು.

ಅಪ್ಪ ನಮ್ಮಿಬ್ಬರ ಮಾತಿನ ನಡುವೆ ಎದ್ದು ಹೊರಗೆ ಹೋದರು. ಮೊಮ್ಮಗನಿಗೆ ಓದುವ ಮೇಜು ಮಾಡಿಕೊಡುವುದಾಗಿ ಹೇಳಿ, ಚಾಳಿನಿಂದ ತಂದಿಟ್ಟಿದ್ದ ಹಳೆಯ ಸಾಗವಾನಿ ಬಾಗಿಲಿನ ಹಲಗೆಗಳನ್ನು ವರಾಂಡದಲ್ಲಿ ಹರಡಿದ್ದರು. "ಯವ್ವಾ, ಬಾ ಇಲ್ಲಿ" ಎಂದು ಕರೆದರು. ಕಾವಿ ನೀರಿನಲ್ಲಿ ಅದ್ದಿದ ನೂಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಹಲಗೆಯ ಆ ಕೊನೆಯ ಗುರುತಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದರು. ಈ ಕೊನೆಯನ್ನು ತಾವು ಬಿಗಿಯಾಗಿ ಎಳೆದರು. ನಡುವೆ ಎರಡು ಬೆರಳಿನಿಂದ ನೂಲನ್ನು ನೇರ ಮೇಲಕ್ಕೆ ಎತ್ತಿ ಬಿಟ್ಟರು. ಟಪ್ ಎಂದಿತು. ಹಲಗೆಯ ಉದ್ದಕ್ಕೂ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಬಿದ್ದಿತು. "ಇದಕ್ಕೆ ನಾವು ನೂಲು ಹೊಡೆಯುವುದು ಎನ್ನುತ್ತೇವೆ. ಮರಾಠಿಯವರು ನೂಲಿಗೆ ಸೂತ ಎನ್ನುತ್ತಾರೆ. ನೂಲು ಹಿಡಿದವನು ಸುತಾರ. ಗಿರಣಿಯಲ್ಲಿ ಒಬ್ಬ ಮುದುಕ ನನಗೆ ಹೇಳಿದ್ದ. ಕೆಟ್ಟ ಹೆಸರೇನಲ್ಲ" ಎಂದರು.

ಆ ಮುದುಕ ಹೇಳಿದ್ದು ಸರಿ. ಸುತಾರ ಬಂದಿರುವುದು ಸಂಸ್ಕೃತದ ಸೂತ್ರಧಾರ ಎನ್ನುವ ಪದದಿಂದ. ನಾಟಕದ ಸೂತ್ರಧಾರನೂ ಮರದ ಸೂತ್ರಧಾರನೂ ಒಂದೇ ಪದದ ಮಕ್ಕಳು. ನಮ್ಮ ಬಡಗಿ ಕೂಡ ಮೂಲದಲ್ಲಿ ಸಂಸ್ಕೃತದ ವರ್ಧಕಿಯೇ ಎಂದು ಪಂಡಿತರು ಹೇಳುತ್ತಾರೆ. ಪಾಲಿಯಲ್ಲಿ ಅದು ವಡ್ಢಕಿ, ಹಿಂದಿಯಲ್ಲಿ ಬಢಈ. ಬಡಿಯುವವನು ಬಡಿಗ ಎಂದು ಚಿಕ್ಕಂದಿನಿಂದ ನಾನು ನಂಬಿಕೊಂಡಿದ್ದೆ. ಪರಕೀಯ ಎಂದು ನಾನು ದೂರ ಇಟ್ಟಿದ್ದ ಹೆಸರು, ನನ್ನದು ಎಂದು ಹಟ ಹಿಡಿದಿದ್ದ ಹೆಸರು, ಎರಡೂ ಒಂದೇ ಅಡವಿಯಿಂದ ಬಂದ ಮರಗಳು.

ಗೆರೆಯ ಮೇಲೆ ಗರಗಸ ಇಡುವ ಮೊದಲು ಅಪ್ಪ ತೀರ್ಮಾನ ಹೇಳಿದರು. ಊರಿನ ಕಾಗದ ಕೇಳುತ್ತಿರುವುದು ಬಡಿಗೇರನನ್ನು, ಆದ್ದರಿಂದ ತಾವು ಬಡಿಗೇರ ಆಗುತ್ತಾರೆ. ತಮ್ಮ ಮತ್ತು ಮೊಮ್ಮಗ ಸುತಾರ ಆಗಿಯೇ ಇರಲಿ. "ನನ್ನ ಅಪ್ಪನಿಗೆ ನಾನು ಬಡಿಗೇರ, ನನ್ನ ಮಗನಿಗೆ ನಾನು ಸುತಾರ. ರಾಜ್ಯಪತ್ರದ ಒಂದು ಪ್ರತಿ ಅವನ ಹತ್ತಿರ ಇರಲಿ" ಎಂದರು. ತಮ್ಮ ಒಪ್ಪಿದ. ನನಗೂ ಇದಕ್ಕಿಂತ ನ್ಯಾಯವಾದದ್ದು ತೋಚಲಿಲ್ಲ.

ಉಳಿದದ್ದು ಕಾಗದದ ಓಡಾಟ. ನೋಟರಿಯ ಮುಂದೆ ಪ್ರಮಾಣಪತ್ರ, ಆನ್‌ಲೈನ್ ಅರ್ಜಿ, ಹಳೆಯ ಹೆಸರು, ಹೊಸ ಹೆಸರು, ಕಾರಣ, ಭಾವಚಿತ್ರ, ದಾಖಲೆಗಳು. ಇಂಗ್ಲಿಷಿನಲ್ಲಿ ಬಡಿಗೇರ ಬರೆಯುವಾಗ ಕೊನೆಯ ಅಕ್ಷರ ಒಂದು ಕಡೆ ಹೆಚ್ಚಾಗಿ, ಒಂದು ಕಡೆ ಕಡಿಮೆಯಾಗಿ ಅರ್ಜಿ ಒಂದು ಸಲ ಹಿಂತಿರುಗಿತು. ಇದೇ ದಾರಿಯಲ್ಲಿ ಹೋಗುವವರಿಗೆ ನನ್ನದೊಂದು ಮಾತಿದೆ. ಅರ್ಜಿ ಹಾಕುವ ಮೊದಲೇ ಮೂರು ಲಿಪಿಗಳಲ್ಲಿಯೂ ಹೆಸರನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಎಲ್ಲ ಕಡೆ ಅದನ್ನೇ ನೋಡಿ ಬರೆಯಿರಿ. ಶಾಲೆಯ ಮೊದಲ ದಾಖಲೆ ಎಲ್ಲಿದೆ ಎನ್ನುವುದನ್ನು ಹಿರಿಯರು ಇರುವಾಗಲೇ ಕೇಳಿ ತರಿಸಿಕೊಳ್ಳಿ. ಅನುವಾದವನ್ನು ಮುದ್ರೆ ಬೀಳುವ ಮೊದಲೇ ಅಕ್ಷರ ಅಕ್ಷರ ಓದಿ.

ಫೆಬ್ರುವರಿಯ ಕೊನೆಯಲ್ಲಿ ಹೆಸರು ಪ್ರಕಟವಾಯಿತು. ಮುದ್ರಿಸಿಕೊಂಡು ತಂದು ಅಪ್ಪನಿಗೆ ತೋರಿಸಿದೆ. ಸಾಲು ಸಾಲಾಗಿ ಬೇರೆಯವರ ಹೆಸರುಗಳೂ ಇದ್ದವು. ಅಪ್ಪ ತಮ್ಮ ಸಾಲಿನ ಕೆಳಗೆ ಬೆರಳಿಟ್ಟು ಎಲ್ಲವನ್ನೂ ಓದಿಸಿಕೊಂಡರು. ಇವರೆಲ್ಲರಿಗೂ ಏನಾಗಿತ್ತಂತೆ ಎಂದು ಕೇಳಿದರು.

ಆಧಾರ್, ಪ್ಯಾನ್, ಬ್ಯಾಂಕು ಎಲ್ಲ ತಿದ್ದಿದ ಮೇಲೆ ಸಹಿಯ ಪ್ರಶ್ನೆ ಬಂದಿತು. ಐವತ್ತು ವರ್ಷ ಅಪ್ಪ ಸಹಿ ಮಾಡಿದ್ದು ದೇವನಾಗರಿಯಲ್ಲಿ, ಗಿರಣಿಯ ಪಗಾರದ ಸಾಲಿನಲ್ಲಿ ನಿಂತು ಕಲಿತ ಸಹಿ. ಊರಿನ ಕಚೇರಿಯಲ್ಲಿ ಕನ್ನಡದಲ್ಲಿ ಸಹಿ ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಅವರೇ ಮಾಡುತ್ತೇನೆ ಎಂದರು. ನಾಲ್ಕನೆಯ ಇಯತ್ತೆ ಬಿಟ್ಟ ಮೇಲೆ ಅವರು ಕನ್ನಡ ಬರೆದದ್ದೇ ಕಡಿಮೆ. ನಾನು ವಹಿ ತಂದುಕೊಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಚಪ್ಪಟೆ ಪೆನ್ಸಿಲ್ ತೆಗೆದು, ಬೋರಲು ಹಾಕಿದ್ದ ಮೇಜಿನ ಹಲಗೆಯ ಮೇಲೆ ಬರೆಯತೊಡಗಿದರು. ಮೊದಲನೆಯ ಸಲ ಡಿಯ ಗುಡಿಸು ಬಿಟ್ಟುಹೋಯಿತು. ಎರಡನೆಯ ಸಲ ಗೇಯ ದೀರ್ಘ. ಐದನೆಯ ಸಲಕ್ಕೆ ಎಲ್ಲವೂ ಕೂಡಿಬಂದಿತು. ಬಡಿಗೇರ ಮೊದಲು, ಆಮೇಲೆ ತಮ್ಮ ಹೆಸರು, ಶಾಲೆಯ ಪುಸ್ತಕದಲ್ಲಿ ಇದ್ದಂತೆಯೇ.

ಯುಗಾದಿ ಮುಗಿದ ಮೇಲೆ ಊರಿಗೆ ಹೋಗಿ ಅದೇ ಸಹಿ ಮಾಡಿ ಬಂದರು. ಜಮೀನಿನ ಉತಾರದಲ್ಲಿ ಅವರ ಹೆಸರು ಕಾಕಾನ ಹೆಸರಿನ ಮೇಲೆ ಏರಿದೆ.

ಮೇಜು ಈಗ ಪುಣೆಯಲ್ಲಿದೆ. ಪಾಲಿಶ್ ಮಾಡುವಾಗ ಅಡಿಭಾಗವನ್ನು ಉಜ್ಜಬೇಡಿ ಎಂದು ನಾನು ಕೇಳಿಕೊಂಡಿದ್ದೆ. ಕಳೆದ ತಿಂಗಳು ಹೋದಾಗ ತಮ್ಮನ ಮಗ ಮೇಜಿನ ಕೆಳಗೆ ಮಲಗಿ ಮೇಲೆ ನೋಡುತ್ತಿದ್ದ. ಅವನಿಗೆ ಕನ್ನಡ ಓದಲು ಬರುವುದಿಲ್ಲ. "ಆತ್ಯಾ, ಅಜ್ಜ ಇಲ್ಲಿ ಏನು ಬರೆದಿದ್ದಾರೆ?" ಎಂದು ಕೇಳಿದ. ನಾನೂ ಅವನ ಪಕ್ಕದಲ್ಲಿ ಮಲಗಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಐದು ಸಾಲನ್ನೂ ಓದಿ ಹೇಳಿದೆ.